ಸಾಕು ಅನ್ನೋರು ಯಾರು?

ನಮ್ಮ ಕವಿತೆಯೊಂದರಲ್ಲಿ ‘ಐತಿ’ ಅಂತ ಬರೆದಿದ್ದೆವು. ಅಚ್ಚಾಗಿ ಬಂದಾಗ ಅದು ‘ಇದೆ’ ಆಗಿತ್ತು. ‘ಹೊಲಗೇರಿ’ ಅಂತ ಬರೆದಿದ್ದೆವು. ಅದು ‘ಊರಾಚೆ’ ಆಗಿತ್ತು. ಡಿಟಿಪಿ ಅಂಗಡಿಗೆ ಹೋಗಿ ಕೇಳಿದರೆ ಟೈಪು ಮಾಡಿದ ಹುಡುಗ ನಗುತ್ತಾ, “ತಪ್ಪು ಭಾಳ ಇದ್ವು ಸರ್, ನಾನ ಕರೆಕ್ಟ್ ಮಾಡೀನಿ” ಅಂದ. ಅವನು ಕೆಟ್ಟವನಲ್ಲ. ಪುಟಕ್ಕಿಷ್ಟು ಅಂತ ದುಡಿಯುವ ಬಡವರ ಮಗ. ಸಾಲಿಯಾಗ ಅವನಿಗೂ ನಮಗೂ ಒಂದೇ ಪಾಠ ಆಗಿದೆ: ಮನಿಯಾಗ ಆಡೋ ಮಾತು ತಪ್ಪು, ಪುಸ್ತಕದ ಮಾತು ಸರಿ. ಆದರೆ ನಮ್ಮವ್ವನ ಮಾತನ್ನು ತಿದ್ದಿಸಲಿಕ್ಕೆ ನಾವೇ ದುಡ್ಡು ಕೊಟ್ಟು ಬಂದಂತಾಗಿತ್ತು. ಅವತ್ತು ರಾತ್ರಿ ನಿರ್ಧಾರ ಮಾಡಿದೆವು. ನಮ್ಮ ಅಕ್ಷರವನ್ನು ಇನ್ನು ಮುಂದೆ ನಾವೇ ಜೋಡಿಸಬೇಕು. ಅದಕ್ಕೊಂದು ಕಂಪ್ಯೂಟರ್ ಬೇಕು. ಅದನ್ನೂ ಬಿಡಿ ಭಾಗ ತಂದು ನಮ್ಮ ಕೈಯಿಂದಲೇ ಕಟ್ಟಬೇಕು.

ಇದೇನು ದೊಡ್ಡ ಸಂಗತಿ ಅಂತ ಕೆಲವರು ಕೇಳಬಹುದು. ಬಾಬಾಸಾಹೇಬರು 1920ರಲ್ಲಿ ‘ಮೂಕನಾಯಕ’ ಪತ್ರಿಕೆ ಶುರು ಮಾಡಿದರು. ಮುಂದೆ ಭಾರತ ಭೂಷಣ ಅನ್ನುವ ತಮ್ಮದೇ ಅಚ್ಚುಕೂಟ ಇಟ್ಟುಕೊಂಡರು. ಮಾತು ನಮ್ಮದಿದ್ದು ಮೊಳೆ ಇನ್ನೊಬ್ಬರದಾದರೆ ಏನಾಗುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ನಮಗೆ ಗೊತ್ತಾಗಲಿಕ್ಕೆ ಒಂದು ‘ಐತಿ’ ಕಳೆದುಹೋಗಬೇಕಾಯಿತು.

ನಾವು ನಾಲ್ಕು ಮಂದಿ. 1997ರಲ್ಲಿ ರಾಯಚೂರಿನಿಂದ ಬ್ಯಾರೆಯಾಗಿ ಕೊಪ್ಪಳ ಜಿಲ್ಲೆ ಆದಾಗ ಇದ್ದದ್ದು ನಾಲ್ಕೇ ತಾಲೂಕು. ನಾವೂ ತಾಲೂಕಿಗೊಬ್ಬರಂತೆ ಇದ್ದೇವೆ. ಕೊಪ್ಪಳದವರು ನಾವು. ಗಂಗಾವತಿಯ ತಮ್ಮನ ಮನೆಯವರು ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಗದ್ದೆಗಳಲ್ಲಿ ನಾಟಿ ಹಚ್ಚುವವರು. ಗದ್ದೆ ಮಂದಿಯದು, ಬೆನ್ನು ಅವರದು. ಯಲಬುರ್ಗಾದ ಅಣ್ಣನ ಕಡೆ ಕಾಲುವೆ ಇಲ್ಲ. ಮಳೆ ಹೋದರೆ ಗುಳೆ. ಕುಷ್ಟಗಿಯ ಅಕ್ಕ ಹಳ್ಳಿ ಸಾಲಿಯಲ್ಲಿ ಅತಿಥಿ ಶಿಕ್ಷಕಿ. ನಾಲ್ವರ ಮನೆಯಲ್ಲೂ ಡಿಗ್ರಿ ಮುಗಿಸಿದವರು ನಾವೇ ಮೊದಲು. ತಲೆಗೆ 8,000ದಂತೆ ಹಾಕಿದೆವು. 32,000 ರೂಪಾಯಿ ಕೂಡಿತು. ಹಣ ಕೂಡಿಸಲಿಕ್ಕೆ ಹಿಡಿದದ್ದಕ್ಕಿಂತ ಹೆಚ್ಚು ದಿನ ಪ್ರೊಸೆಸರ್ ಯಾವುದು ಅನ್ನುವ ಜಗಳಕ್ಕೆ ಹಿಡಿಯಿತು.

ಮೊದಲು ದೊಡ್ಡ ಊರಿನ ಒಂದು ಅಂಗಡಿಗೆ ಹೋದೆವು.

“ಯಾವ ಊರ್ರಿ?”

“ಕೊಪ್ಪಳ ರೀ.”

“ಕೊಪ್ಪಳದಾಗ ಎಲ್ಲಿ? ನಮ್ಮ ಬೀಗರು ಅದಾರ ಅಲ್ಲಿ.”

ಓಣಿ ಹೇಳಿದೆವು. ಮಾಲಕರು ಸಿಟ್ಟಾಗಲಿಲ್ಲ, ಬೈಯಲಿಲ್ಲ. ಮೆತ್ತಗಾದರು. “ಟೈಪಿಂಗ್ ಮಾಡಾಕ ಹೊಸಾದು ಯಾಕ್ರಿ? ಆಫೀಸಿನವರು ಬಿಟ್ಟ ಹಳೇ ಸೆಟ್ ಅದಾವ. ಐ5 ಐತಿ. ಒಂಬತ್ತು ಸಾವಿರಕ್ಕ ಒಯ್ರಿ. ನಿಮಗ ಇಷ್ಟು ಸಾಕು.”

ಅವರು ಓಣಿಯ ಹೆಸರು ಕೇಳಿ ಹಾಗಂದರೋ, ನಮ್ಮ ಚಪ್ಪಲಿ ನೋಡಿ ಅಂದರೋ, ಬಂದವರಿಗೆಲ್ಲ ಹಾಗೇ ಅನ್ನುತ್ತಾರೋ, ಇವತ್ತಿಗೂ ಹೇಳಲಾರೆವು. ಉಳಿದವರು ಅಂಗಡಿಯಿಂದ ಹೊರಗೆ ಬಂದರೆ ರೇಟಿನ ಲೆಕ್ಕ ಹಾಕುತ್ತಾರೆ. ನಾವು ಬಸ್‌ಸ್ಟ್ಯಾಂಡಿನವರೆಗೂ ಆ ಮಾತಿನ ಅರ್ಥ ಹುಡುಕುತ್ತಾ ಬಂದೆವು.

‘ಸಾಕು’ ಅನ್ನುವ ಮಾತು ನಮಗೆ ಹೊಸದಲ್ಲ. ನಮ್ಮಜ್ಜಿಗೆ ಹಿತ್ತಲ ಬಾಗಿಲಿನಾಗ ತಂಗಳ ರೊಟ್ಟಿ ಸಾಕಾಗಿತ್ತು. ನಮ್ಮವ್ವಗ ದೊಡ್ಡವರ ಮನಿಯ ಹಳೇ ಸೀರಿ ಸಾಕಾಗಿತ್ತು. ನಮಗೆ ಏಳನೆತ್ತ ಸಾಕಾಗಿತ್ತು, ಆಮೇಲೆ ಎಸ್ಸೆಸ್ಸೆಲ್ಸಿ ಸಾಕಾಗಿತ್ತು. ಬಿ.ಎ. ಮುಗಿದ ದಿನ ಊರ ಹಿರಿಯರೊಬ್ಬರು, “ಭಾಳಾತು ಬಿಡಪಾ, ನಿಮಗ ಇಷ್ಟು ಸಾಕು” ಅಂದಿದ್ದರು. ಇಷ್ಟು ತಲೆಮಾರು ನಮಗೆಷ್ಟು ಬೇಕು ಅನ್ನುವ ಅಳತೆಯ ಕೋಲು ಬೇರೆಯವರ ಕೈಯಲ್ಲೇ ಇತ್ತು. ಇದು ಹಳೇ ಕತಿ ಅನ್ನಬ್ಯಾಡ್ರಿ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕ್ಷೌರದ ಅಂಗಡಿ, ಹೋಟೆಲಿನ ಒಳಗೆ ಬರುತ್ತೇವೆ ಅಂದದ್ದಕ್ಕೆ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. ಆ ಪ್ರಕರಣದಲ್ಲಿ ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಹೇಳಿದ್ದು 2024ರ ಅಕ್ಟೋಬರ್ 24ರಂದು. ಹೊರಗೆ ನಿಂತರೆ ಸಾಕು ಅನ್ನುವವರು ಇನ್ನೂ ಇದ್ದಾರೆ.

ಆದರೆ ಸಿಟ್ಟಿನಿಂದ ಕವಿತೆ ಬರೆಯಬಹುದು, ಪ್ರೊಸೆಸರ್ ಆರಿಸಲಿಕ್ಕೆ ಬರುವುದಿಲ್ಲ. ಓದಲಿಕ್ಕೆ ಕೂತೆವು.

ಪ್ರೊಸೆಸರ್ ಅಂದರೆ ಲೆಕ್ಕ ಮಾಡುವ ಬಿಲ್ಲೆ. ಅಂಗೈಗಿಂತ ಸಣ್ಣದು. ಮೂಲದಲ್ಲಿ ಸಿಲಿಕಾನ್, ನಮ್ಮ ತುಂಗಭದ್ರೆಯ ಮರಳಿನಲ್ಲೂ ಇರುವ ಅದೇ ಧಾತು. 1971ರಲ್ಲಿ ಇಂಟೆಲ್ ಕಂಪನಿ 4004 ಅನ್ನುವ ಬಿಲ್ಲೆಯನ್ನು ಮಾರಾಟಕ್ಕೆ ತಂದಾಗ ಅದರೊಳಗೆ ಸುಮಾರು 2,300 ಟ್ರಾನ್ಸಿಸ್ಟರ್ ಇದ್ದವು. ಇವತ್ತಿನ ಬಿಲ್ಲೆಯಲ್ಲಿ ನೂರಾರು ಕೋಟಿ. ಮನೆಯ ಕಂಪ್ಯೂಟರಿಗೆ ಇದನ್ನು ಮಾರುವವರು ಮುಖ್ಯವಾಗಿ ಎರಡೇ ಕಂಪನಿ, ಇಂಟೆಲ್ ಮತ್ತು ಎಎಂಡಿ. ಎರಡೂ ಅಮೆರಿಕದವು. ಆದರೆ ನಕ್ಷೆ ಬಿಡಿಸುವ ಕೆಲಸ ಬೆಂಗಳೂರಿನಲ್ಲೂ ನಡೆಯುತ್ತದೆ. ಎಎಂಡಿ ಜಗತ್ತಿನಲ್ಲೇ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದು ಅಲ್ಲಿಯೇ. ಯಲಬುರ್ಗಾದ ಅಣ್ಣ ಇದನ್ನು ಓದಿ ಸುಮ್ಮನೆ ಕೂತ. ಅವನ ಅಪ್ಪ ಅವ್ವ ಗುಳೆ ಹೋಗಿ ಕಾಂಕ್ರೀಟ್ ಹೊತ್ತದ್ದೂ ಬೆಂಗಳೂರಿನಲ್ಲಿಯೇ. “ಗಾಜಿನ ಕಟ್ಟಡ ಕಟ್ಟೀವಿ. ಒಳಗ ಏನ್ ಮಾಡ್ತಾರಂತ ಈಗ ಗೊತ್ತಾತು ನೋಡು” ಅಂದ.

ಬಿಲ್ಲೆಯ ಮೇಲಿನ ಹೆಸರು, ಅಂಕಿ ನೋಡಿದರೆ ತಲೆ ತಿರುಗುತ್ತದೆ. ನಮ್ಮ ಭಾಷೆಗೆ ತಂದುಕೊಂಡರೆ ಅಷ್ಟು ಕಷ್ಟವಲ್ಲ. ಕೋರ್ ಅಂದರೆ ಒಂದು ಆಳು. ಗಿಗಾಹರ್ಟ್ಸ್ ಅಂದರೆ ಆ ಆಳಿನ ಕೈಯ ಚುರುಕು. ಥ್ರೆಡ್ ಅಂದರೆ ಒಂದೇ ಆಳಿಗೆ ಎರಡು ಕೆಲಸ ಕೊಟ್ಟು, ಒಂದು ನಿಂತಾಗ ಇನ್ನೊಂದು ಮಾಡಿಸುವುದು. ಹೊಸ ಕಾಲದ ಆಳು ಹಳೇ ಕಾಲದ ಆಳಿಗಿಂತ ಒಂದೇ ಏಟಿಗೆ ಹೆಚ್ಚು ಕೆಲಸ ತೆಗೆಯುತ್ತದೆ. ಅದಕ್ಕೇ ಬರೀ ಗಿಗಾಹರ್ಟ್ಸ್ ನೋಡಿ ಹಳೇದನ್ನೂ ಹೊಸದನ್ನೂ ತೂಗಬಾರದು. ‘ಐ5’ ಅನ್ನುವ ಹೆಸರೂ ಹಾಗೇ. ಅಂಗಡಿಯವರು ‘ಐ5 ಐತಿ’ ಅಂದರು. ಎಷ್ಟನೇ ತಲೆಮಾರಿನ ಐ5 ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅದು ನಾಲ್ಕನೇ ತಲೆಮಾರಿನದು. ಹತ್ತು ವರ್ಷ ದಾಟಿದ್ದು.

ಆಮೇಲೆ ನಮ್ಮ ಕೆಲಸಗಳ ಪಟ್ಟಿ ಬರೆದೆವು. ಇದನ್ನು ಎಲ್ಲಕ್ಕಿಂತ ಮೊದಲು ಮಾಡಬೇಕಿತ್ತು. ಒಂದು, ಕನ್ನಡ ಟೈಪಿಂಗ್, ಪತ್ರಿಕೆಯ ಪುಟ ಕಟ್ಟುವುದು. ಎರಡು, ಹಳೇ ನುಡಿ ಫಾಂಟಿನ ಬರಹಗಳನ್ನು ಯೂನಿಕೋಡಿಗೆ ತಿರುಗಿಸುವುದು. ಮೂರು, ಕೇರಿಯ ಹುಡುಗರ ವಿದ್ಯಾರ್ಥಿವೇತನ, ನೌಕರಿ ಅರ್ಜಿ ತುಂಬುವುದು. ನಾಲ್ಕು, ನಮ್ಮ ಮುದುಕಿಯರ ಹಾಡು, ಮಾತನ್ನು ಧ್ವನಿಯಲ್ಲೂ ವಿಡಿಯೊದಲ್ಲೂ ಹಿಡಿದು ಕತ್ತರಿಸಿ ಜೋಡಿಸುವುದು. ಮೊದಲ ಮೂರಕ್ಕೆ ಹೆಚ್ಚು ಆಳು ಬೇಕಿಲ್ಲ. ನಾಲ್ಕನೆಯದಕ್ಕೆ ಬೇಕು. ವಿಡಿಯೊ ಕೆಲಸವನ್ನು ಆಳುಗಳಿಗೆ ಹಂಚಿಕೊಡಬಹುದು. ಆಳು ಹೆಚ್ಚಾದಷ್ಟೂ ಬೇಗ ಮುಗಿಯುತ್ತದೆ.

ಕಡೆಗೆ ಮೂರು ದಾರಿ ಉಳಿದವು.

ಒಂದು, ಅದೇ ಹಳೇ ಸೆಟ್. ಅದರಲ್ಲಿ ನಾಲ್ಕು ಕೋರ್. ಹಾಕಬೇಕಾದ ಮೆಮೊರಿ ಡಿಡಿಆರ್3. ಮುಂದೆ ಹೊಸ ಬೋರ್ಡಿಗೆ ಹಾಕುತ್ತೇವೆ ಅಂದರೆ ಅದರ ಗಾಡಿಯೇ ಕೂಡುವುದಿಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದು ಆಗಲೇ ಗೊತ್ತಿತ್ತು. ವಿಂಡೋಸ್ 11ಕ್ಕೆ ಇಂಟೆಲಿನಲ್ಲಾದರೆ ಎಂಟನೇ ತಲೆಮಾರಾದರೂ ಇರಬೇಕು. ಆದರೆ ನ್ಯಾಯವಾಗಿ ಹೇಳಬೇಕು. ಲಿನಕ್ಸ್ ಹಾಕಿಕೊಂಡರೆ ಆ ಹಳೇ ಯಂತ್ರ ಟೈಪಿಂಗು, ಅರ್ಜಿ ಎರಡನ್ನೂ ಚೆನ್ನಾಗಿಯೇ ಮಾಡುತ್ತಿತ್ತು. ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯ ಇತ್ತು. ನಮಗೇನು ಕೆಲಸ ಅಂತ ಪೂರ್ತಿ ಕೇಳದೆ ಹೇಳಿದ್ದರಿಂದ ಉಳಿದರ್ಧ ತಪ್ಪಾಗಿತ್ತು.

ಎರಡು, ಇಂಟೆಲಿನ ಐ3-12100. 2022ರದು. ನಾಲ್ಕು ಕೋರ್, ಎಂಟು ಥ್ರೆಡ್. ಚಿತ್ರ ತೋರಿಸುವ ಭಾಗ ಬಿಲ್ಲೆಯೊಳಗೇ ಇದೆ. ಇದರದೇ ತಮ್ಮನಂತೆ 12100ಎಫ್ ಅಂತ ಒಂದು ಬರುತ್ತದೆ, ಕಡಿಮೆ ರೇಟಿಗೆ. ಆ ಎಫ್ ಅಕ್ಷರವಿದ್ದರೆ ಒಳಗೆ ಚಿತ್ರದ ಭಾಗ ಇರುವುದಿಲ್ಲ. ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳದಿದ್ದರೆ ಪರದೆ ಕತ್ತಲೆಯೇ. ಒಂದು ಅಕ್ಷರ ಓದದೆ ಎಷ್ಟು ಹುಡುಗರು ಮೋಸ ಹೋಗಿದ್ದಾರೋ!

ಮೂರು, ಎಎಂಡಿಯ ರೈಜನ್ 5 5600ಜಿ. 2021ರದು. ಆರು ಕೋರ್, ಹನ್ನೆರಡು ಥ್ರೆಡ್. ಒಳಗಿನ ಚಿತ್ರದ ಭಾಗ ಐ3ರದಕ್ಕಿಂತ ಗಟ್ಟಿ. ಇದು ಕೂಡುವ ಎಎಂ4 ಸಾಕೆಟ್ 2016ರಿಂದ ಬಂದದ್ದು. ಬೋರ್ಡು, ಡಿಡಿಆರ್4 ಮೆಮೊರಿ ಎಲ್ಲಾ ಅಗ್ಗಕ್ಕೆ ಸಿಗುತ್ತಿದ್ದವು.

ಜಗಳ ಶುರುವಾಯಿತು. ಯಲಬುರ್ಗಾದ ಅಣ್ಣ, “ಹಳೇದು ನಾ ಮುಟ್ಟಾಂಗಿಲ್ಲ. ಮಂದಿ ಬಿಟ್ಟ ಅಂಗಿ ಹಾಕ್ಕೊಂಡು ಸಾಲಿಗೆ ಹೋಗೀನಿ, ಅದ ಸಾಕು” ಅಂದ. ಕುಷ್ಟಗಿಯ ಅಕ್ಕ, “ಹಳೇದು ಅನ್ನೋದು ಅವಮಾನ ಅಲ್ಲಣ್ಣ. ನಮ್ಮವ್ವ ಕೌದಿ ಹೊಲೀತಾಳ. ಎಲ್ಲಾ ಹಳೇ ಅರಿವೀನ. ಆದ್ರ ಯಾವ ತುಂಡು ಎಲ್ಲಿಗಂತ ಆಕೀನ ಆರಿಸ್ತಾಳ. ಮಂದಿ ಕೊಟ್ಟದ್ದ ತಗೊಳ್ಳೋದು ಬ್ಯಾರೆ, ನಾವ ಆರಿಸೋದು ಬ್ಯಾರೆ” ಅಂದಳು. ಅವಳ ಲೆಕ್ಕ ಐ3ರ ಕಡೆ ಇತ್ತು. “ಐ3 ತಗೊಂಡ್ರ ಎರಡು ಸಾವಿರದ ಹತ್ತತ್ರ ಉಳಿತೈತಿ. ಆ ರೊಕ್ಕದಾಗ ಮೆಮೊರಿ ಒಂದರ ಬದ್ಲಿ ಎರಡು ಪಟ್ಟಿ ಹಾಕೋಣು. ಒಂದ ಪಟ್ಟಿ ಇದ್ರ ಪ್ರೊಸೆಸರ್ ಕಾಯ್ಕೋತ ಕುಂದ್ರತೈತಂತ ಓದೀನಿ.”

ನಾವು ಒಪ್ಪಲಿಲ್ಲ. ಆರು ಕೋರ್ ಅನ್ನುವುದು ನಮ್ಮ ತಲೆಗೆ ಏರಿತ್ತು. ಆ ಅಂಗಡಿಯ ಮುಂದೆ ಇಂಥದ್ದೊಂದು ಒಯ್ದು ನಿಲ್ಲಬೇಕು ಅನ್ನುವ ಹಠ ಒಳಗಿತ್ತು. ವಿಡಿಯೊ ಕೆಲಸಕ್ಕೆ ಬೇಕು ಅನ್ನುವುದು ಹೊರಗಿನ ಕಾರಣ. ಕೈ ಎತ್ತಿಸಿದೆವು. ಗಂಡಸರು ಮೂವರು, ಆಕೆ ಒಬ್ಬಾಕಿ. ಅಕ್ಕ ಮತ್ತೆ ಬಾಯಿ ತೆಗೆದಾಗ ನಮ್ಮಲ್ಲೊಬ್ಬರು ಅಂದುಬಿಟ್ಟರು: “ಅಕ್ಕಾ, ನಿಂದು ಸಾಲಿ ಟೈಪಿಂಗ್ ಅಷ್ಟ ಅಲ್ಲೇನು? ನಿನಗ ಇಷ್ಟು ಸಾಕು ಬಿಡು.”

ಅಂದವರು ಯಾರು ಅನ್ನುವುದು ಮುಖ್ಯವಲ್ಲ. ಕೇಳಿದ ಉಳಿದವರಿಗೂ ಅದು ತಪ್ಪು ಅನ್ನಿಸಲಿಲ್ಲ. ಅದಕ್ಕೇ ಅದು ನಮ್ಮೆಲ್ಲರ ಮಾತು.

2025ರ ಏಪ್ರಿಲ್ ಮೊದಲ ವಾರ ಸಾಮಾನು ಬಂತು. ಪ್ರೊಸೆಸರಿಗೆ 11,500. ಬೋರ್ಡಿಗೆ 5,200. ಎಂಟು ಜಿಬಿಯ ಒಂದು ಮೆಮೊರಿ ಪಟ್ಟಿಗೆ 1,700. ಎಸ್‌ಎಸ್‌ಡಿಗೆ 2,900. ಪವರ್ ಸಪ್ಲೈಗೆ 2,600. ಡಬ್ಬಿಗೆ 1,900. ಹಳೇ ಪರದೆಗೆ 3,200. ಯುಪಿಎಸ್‌ಗೆ 2,600. ಕೀಲಿಮಣೆ, ಮೌಸಿಗೆ 400. ಸರಿಯಾಗಿ 32,000. ಕೈಯಲ್ಲಿ ಚಹಾಕ್ಕೂ ಉಳಿಯಲಿಲ್ಲ. ಬೋರ್ಡಿನ ಬಯೋಸ್ ಹಳೇದಿದ್ದರೆ ಹೊಸ ಪ್ರೊಸೆಸರನ್ನು ಅದು ಗುರುತೇ ಹಿಡಿಯುವುದಿಲ್ಲ ಅಂತ ಓದಿದ್ದೆವು. ಕೊಳ್ಳುವಾಗಲೇ ಕೇಳಿ ಖಾತ್ರಿ ಮಾಡಿಕೊಂಡಿದ್ದೆವು.

ರಾತ್ರಿ ಬಾಡಿಗೆ ರೂಮಿನ ನೆಲದ ಮೇಲೆ ಜಮಖಾನೆ ಹಾಸಿ ಕೂತೆವು. ಎಎಂ4 ಬಿಲ್ಲೆಯ ಹೊಟ್ಟೆಯ ತುಂಬ ಸೂಜಿಯಂಥ ಪಿನ್ನುಗಳು. ಸಾವಿರದ ಮೇಲೆ. ಒಂದು ಬಾಗಿದರೂ ಹನ್ನೊಂದೂವರೆ ಸಾವಿರ ನೀರಿಗೆ ಬಿದ್ದಂತೆ. ನಮ್ಮ ಮೂವರ ಕೈ ನಡುಗಿದವು. ಅಕ್ಕನೇ ಎತ್ತಿಕೊಂಡಳು. ಬಿಲ್ಲೆಯ ಮೂಲೆಯ ತ್ರಿಕೋನವನ್ನು ಸಾಕೆಟಿನ ತ್ರಿಕೋನಕ್ಕೆ ಹೊಂದಿಸಿ ಮೆಲ್ಲಗೆ ಬಿಟ್ಟಳು. “ಒತ್ತಬ್ಯಾಡ್ರಿ. ಸರಿ ಇದ್ರ ತಾನ ಕೂಡ್ತೈತಿ” ಅಂದಳು. ಕೂತಿತು. ಮೇಲೆ ಫ್ಯಾನು ಬಿಗಿದೆವು. ಗುಂಡಿ ಒತ್ತಿದಾಗ ಪರದೆಯಲ್ಲಿ ಬೆಳಕು ಬಂತು. ನುಡಿ ಫಾಂಟಿಗೂ ನಮ್ಮ ಬೆರಳಿಗೂ ಗೊತ್ತಿದ್ದ ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸದಲ್ಲೇ ಯೂನಿಕೋಡಿನಾಗ ಮೊದಲ ಪದ ಹೊಡೆದೆವು: ಐತಿ. ಏಪ್ರಿಲ್ 14ರ ಜಯಂತಿಗೆ ಎಂಟು ಪುಟದ ಪತ್ರಿಕೆ ನಮ್ಮ ಕೈಯಿಂದಲೇ ಹೊರಬಂತು.

ಬೇಸಿಗೆಯಲ್ಲಿ ಮೊದಲ ಪೆಟ್ಟು ಬಿತ್ತು. ಗಿಣಗೇರಿ, ಹಿರೇಬಗನಾಳ ಕಡೆಯ ಜನಕ್ಕೆ ಕಾರ್ಖಾನೆಯ ಕರಿ ಬೂದಿ ಏನು ಅಂತ ಹೇಳಬೇಕಿಲ್ಲ. ಮಾಳಿಗೆ, ಬೆಳೆ, ಒಣ ಹಾಕಿದ ಅರಿವಿ ಎಲ್ಲದರ ಮೇಲೂ ಕೂಡುವ ಆ ಬೂದಿ ಪ್ರೊಸೆಸರಿನ ಫ್ಯಾನಿನಲ್ಲೂ ಕೂತಿತ್ತು. ಬಿಸಿ ಹೆಚ್ಚಾದರೆ ಪ್ರೊಸೆಸರ್ ಸುಟ್ಟುಕೊಳ್ಳುವುದಿಲ್ಲ, ತಾನೇ ವೇಗ ಇಳಿಸಿಕೊಳ್ಳುತ್ತದೆ. ಮಟಮಟ ಮಧ್ಯಾಹ್ನ ಆಳು ಗಿಡದ ನೆರಳಿಗೆ ಕೂಡುವಂತೆ. ತಿಂಗಳಿಗೊಮ್ಮೆ ಬ್ರಷ್ ಹಿಡಿದು ತೆಗೆಯುವುದನ್ನು ಕಲಿತೆವು.

ಎರಡನೇ ಪೆಟ್ಟು ನಾವೇ ಮಾಡಿಕೊಂಡದ್ದು. ಗಂಗಾವತಿಯ ಮುದುಕಿಯರ ಹಾಡಿನ ವಿಡಿಯೊ ಜೋಡಿಸಲಿಕ್ಕೆ ಕೂತರೆ ಯಂತ್ರ ತೆವಳಲಿಕ್ಕೆ ಹತ್ತಿತು. ಆರು ಕೋರ್ ಇದೆ, ಹನ್ನೆರಡು ಥ್ರೆಡ್ ಇದೆ, ಆದರೂ ನಿಲ್ಲುತ್ತದೆ. ಎಂಟು ಜಿಬಿಯಲ್ಲಿ ಒಂದಿಷ್ಟನ್ನು ಚಿತ್ರದ ಭಾಗ ತನ್ನ ಪಾಲು ಅಂತ ತೆಗೆದುಕೊಂಡಿತ್ತು. ಉಳಿದದ್ದು ತುಂಬಿ ಚೆಲ್ಲುತ್ತಿತ್ತು. ಎರಡನೇ ಪಟ್ಟಿ ಆಮೇಲೆ ಹಾಕಿದರಾಯಿತು ಅಂದುಕೊಂಡಿದ್ದೆವಲ್ಲ, ಅಷ್ಟರೊಳಗೆ 2025ರ ಕೊನೆ ಬಂತು. ಜಗತ್ತಿನ ದೊಡ್ಡ ಕಂಪನಿಗಳು ಕೃತಕ ಬುದ್ಧಿಮತ್ತೆಯ ಕೇಂದ್ರಗಳಿಗೆ ಮೆಮೊರಿಯನ್ನು ರಾಶಿಗಟ್ಟಲೆ ಕೊಂಡವು. ಚಿಪ್ ಮಾಡುವವರು ಆ ಕಡೆ ತಿರುಗಿದರು. 1,700ಕ್ಕೆ ತಂದ ಪಟ್ಟಿಯ ರೇಟು ಎರಡು ಪಟ್ಟು ದಾಟಿತು. ಎಲ್ಲಿಯ ಕೃತಕ ಬುದ್ಧಿ, ಎಲ್ಲಿಯ ನಮ್ಮ ಎಂಟು ಜಿಬಿ! ಉಳ್ಳವರ ಹಸಿವು ದೊಡ್ಡದಾದರೆ ಇಲ್ಲದವರ ತಾಟು ಸಣ್ಣದಾಗುವುದು ಇಲ್ಲಿಯೂ ತಪ್ಪಲಿಲ್ಲ.

ಹಾಡಿದವರಲ್ಲಿ ಗಂಗಾವತಿಯ ತಮ್ಮನ ಅವ್ವನೂ ಒಬ್ಬರು. ತಮ್ಮ ಹಾಡು ನೋಡಲಿಕ್ಕೆ ಬಂದಿದ್ದರು. ಪರದೆ ನಿಂತು ನಿಂತು ಹೋಗುವುದನ್ನು ನೋಡಿ, “ಯಾಕೋ ತಮ್ಮಾ, ಇದಕ್ಕ ಜೀವಿಲ್ಲೇನು?” ಅಂದರು. ತಿಳಿಸಿ ಹೇಳಿದೆವು: ಇದರಾಗ ಆರು ಆಳು ಅದಾವ ಯವ್ವ, ಮಾಡಬೇಕಾದ ಕೆಲಸ ಮೆಮೊರಿ ಅನ್ನೋದರಿಂದ ಬರತೈತಿ, ಅದು ಒಂದ ಪಟ್ಟಿ ಐತಿ. ಅವ್ವ ಒಂದು ಗಳಿಗೆ ನೋಡಿದರು.

“ಅಲ್ಲೋ, ಗದ್ದಿಗೆ ಆರು ಆಳು ಹಚ್ಚೀರಿ, ಸಸಿ ಹೊರಾಕ ಒಬ್ಬನ್ನ ಇಟ್ಟೀರಿ. ಆಳು ಕೈ ಕಟ್ಟಿ ನಿಂದ್ರದ ಏನ್ ಮಾಡ್ತಾರ? ಯಾರೂ ಹೇಳಲಿಲ್ಲೇನು ನಿಮಗ?”

ಹೇಳಿದ್ದಳು. ಹೇಳಿದವಳು ಅಲ್ಲೇ ಕೂತಿದ್ದಳು. ಅಕ್ಕ ನಮ್ಮ ಕಡೆ ನೋಡಿದಳು, ಏನೂ ಅನ್ನಲಿಲ್ಲ. ಆಮೇಲೆ ಚಹಾ ಕುಡಿಯುವಾಗ ಅಷ್ಟೇ ಅಂದಳು: “ಆ ಅಂಗಡಿಯವರು ‘ಸಾಕು’ ಅಂದಿದ್ದು ನಿಮಗ ಇನ್ನೂ ಚುಚ್ಚತೈತಿ. ನೀವು ಅಂದಿದ್ದು ನನಗೂ ಹಂಗ ಐತಿ.”

ನಾವು ಕ್ಷಮೆ ಕೇಳಿದೆವು. ಕೇಳಿದ್ದಕ್ಕೆ ಮುಗಿಯಿತು ಅಂತ ಅಲ್ಲ. ಅಪಮಾನ ಉಂಡವರೆಲ್ಲ ಅಪಮಾನ ಮಾಡುವುದಿಲ್ಲ ಅಂತ ನಾವು ಸಭೆಗಳಲ್ಲಿ ಎಷ್ಟು ಸಲ ಹೇಳಿದ್ದೇವೆ! ನಮ್ಮ ಕೈಗೆ ಅಳತೆಯ ಕೋಲು ಬಂದ ಕೂಡಲೇ ನಾವೂ ಅದನ್ನು ಇನ್ನೊಬ್ಬರ ಮೇಲೆ ಇಟ್ಟೆವು. ಮೇಲಿನವರ ಮುಂದೆ ದೊಡ್ಡವರಾಗಿ ಕಾಣಬೇಕು ಅನ್ನುವ ಹಠಕ್ಕೆ ನಮ್ಮವಳ ಬಾಯಿ ಮುಚ್ಚಿಸಿದೆವು. 5600ಜಿ ಕೆಟ್ಟ ಪ್ರೊಸೆಸರ್ ಅಲ್ಲ, ನಮ್ಮ ನಾಲ್ಕನೇ ಕೆಲಸಕ್ಕೆ ತಕ್ಕದ್ದೇ. ನಾವು ಅದನ್ನು ಆರಿಸಿದ ರೀತಿ ಕೆಟ್ಟದ್ದು.

2026ರ ಜನವರಿಯಲ್ಲಿ ಮತ್ತೆ ನಾಲ್ವರೂ ರೊಕ್ಕ ಹಾಕಿದೆವು. ಈ ಸಲ ಆರಿಸಿದ್ದು ಅಕ್ಕ. ಬಳಸಿದ್ದೇ ಒಂದು ಎಂಟು ಜಿಬಿ ಪಟ್ಟಿ, ಅದೇ ಡಿಡಿಆರ್4, ಅದೇ ವೇಗದ್ದು. ಅಂಗಡಿಯಲ್ಲೇ ಹಾಕಿಸಿ, ಪರೀಕ್ಷೆ ಮಾಡಿಸಿ ತಂದಳು. ಹಳೇದು ಅಂತ ಯಲಬುರ್ಗಾದ ಅಣ್ಣನೂ ಮಾತಾಡಲಿಲ್ಲ. ಮುದುಕಿಯರ ಹಾಡು ಈಗ ನಿಲ್ಲದೆ ಓಡುತ್ತದೆ.

ಹಳ್ಳಿ ಸಾಲಿಯ ಮಾಸ್ತರರು, ಹಾಸ್ಟೆಲಿನ ತಮ್ಮ ತಂಗಿಯರು ನಮ್ಮನ್ನು ಕೇಳುತ್ತಾರೆ, ಯಾವ ಪ್ರೊಸೆಸರ್ ತಗೋಬೇಕು ಅಂತ. ನಾವು ಮೊದಲು ಮಾಡಲ್ ನಂಬರು ಹೇಳುವುದಿಲ್ಲ. ನಿಮ್ಮ ಕೆಲಸ ಬರ್ಕೊಂಡು ಬರ್ರಿ ಅನ್ನುತ್ತೇವೆ. ಬರೀ ಟೈಪಿಂಗು, ಅರ್ಜಿ ಆದರೆ ಒಳ್ಳೆಯ ಹಳೇ ಯಂತ್ರ ನಡೆಯುತ್ತದೆ, ತಲೆಮಾರು ಎಷ್ಟನೆಯದು ಅಂತ ಕೇಳಿ ತಗೊಳ್ರಿ. ಹೊಸದಾದರೆ ಕಡೆಯ ಅಕ್ಷರ ಓದ್ರಿ. ಪ್ರೊಸೆಸರಿಗೆ ಇದ್ದ ರೊಕ್ಕ ಎಲ್ಲಾ ಸುರಿದು ಮೆಮೊರಿ, ಪವರ್ ಸಪ್ಲೈಗೆ ಜಿಪುಣತನ ಮಾಡಬ್ಯಾಡ್ರಿ. ಮತ್ತೆ ಆ ಯಂತ್ರ ಬಳಸುವವರು ನಾಲ್ವರಿದ್ದರೆ ನಾಲ್ವರನ್ನೂ ಕೇಳ್ರಿ, ಕೈ ಎತ್ತಿಸುವುದಕ್ಕಿಂತ ಮೊದಲು.

ಕುಷ್ಟಗಿಯಲ್ಲಿ ಅಕ್ಕನ ಹತ್ತಿರ ಓದುವ ಹುಡುಗಿಯರಿಗೆ ಎರಡನೇ ಯಂತ್ರ ಕಟ್ಟುವ ಮಾತು ನಡೆದಿದೆ. ನಾವು ಉತ್ಸಾಹದಿಂದ ಪಟ್ಟಿ ಬರೆದು ಒಯ್ದಿದ್ದೆವು. ಅಕ್ಕ ಅದನ್ನು ಮಡಚಿ ನಮ್ಮ ಕೈಗೇ ಕೊಟ್ಟಳು. “ನೀವು ಬರ್ರಿ, ಸ್ಕ್ರೂ ಬಿಗೀರಿ. ಆರಿಸೋದು ಅವರು” ಅಂದಳು.

ಹುಡುಗಿಯರು ಈಗ ತಮ್ಮ ಕೆಲಸದ ಪಟ್ಟಿ ಬರೆಯುತ್ತಿದ್ದಾರೆ. ಅದು ಬಂದ ಮೇಲೆ ಹೋಗುತ್ತೇವೆ.